ಆರತಿ ಬೇಡುತ್ತಿದ್ದ ಭಟ್ಟಿ

1971ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ತರಗತಿ ಪಾಸಾಗಿ, ಎಂಟಕ್ಕೆ ಹೆಸರು ಹಚ್ಚಿ, ಪುಸ್ತಕಗಳಿಗೆ ರಟ್ಟು ಹಾಕಿ ಮುಗಿಸುವಷ್ಟರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದ ಕಾಕಾ ಗದಗಿಗೆ ಬಂದರು. ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ರಟ್ಟು ಹಾಕಿದ ಪುಸ್ತಕಗಳು ತಮ್ಮನ ಪಾಲಾದವು. ಇದನ್ನು ದುಃಖದ ಮಾತಾಗಿ ಹೇಳುತ್ತಿಲ್ಲ. ಶಾಲೆ ಬಿಟ್ಟವನೆಂದು ಯಾರಾದರೂ 'ಅಯ್ಯೋ' ಅಂದರೆ ನನಗೆ ಸಿಟ್ಟು ಬರುತ್ತದೆ. ಕೈತುಂಬ ಕೆಲಸವಿದ್ದವನಿಗೆ ಅಯ್ಯೋ ಯಾಕೆ? ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ನನ್ನ ಕೆಲಸ. ಡೊಂಬಿವಲಿಯ ಕಾರ್ಖಾನೆಗಳ ಕಡೆ ಬಂದು 'ಬಸಪ್ಪನ ರೀವೈಂಡಿಂಗ್' ಎಲ್ಲಿ ಎಂದು ಕೇಳಿ. ಚಹಾದ ಗಾಡಿಯವನೂ ಕೈ ತೋರಿಸುತ್ತಾನೆ.

ಓದಿನ ಮಾತು ಈಗ ಯಾಕೆ ಬಂತೆಂದರೆ, ಮೊನ್ನೆ ಕಲ್ಯಾಣದಿಂದ ಬಂದ ಹೊಸ ಗಿರಾಕಿಯೊಬ್ಬರು ಬೆಳಿಗ್ಗೆಯೇ ಅಂಗಡಿಯಲ್ಲಿ ಕೂತಿದ್ದರು. ನಾನು ಮೋಟಾರು ಬೇಯಿಸುವ ಭಟ್ಟಿಯ ಬಾಗಿಲು ಮುಚ್ಚಿ, ಗುಂಡಿ ಒತ್ತಿ, ಕೆಂಪು ದೀಪ ಹತ್ತಿದ ಮೇಲೆ ಕರ್ಪೂರದ ಆರತಿ ಎತ್ತಿದೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು: "ಅಲ್ರೀ, ಮಂದಿ ಪೂಜಿ ಮಾಡಿ ಮಷೀನ್ ಚಾಲೂ ಮಾಡ್ತಾರ. ನೀವು ಚಾಲೂ ಮಾಡಿ ಪೂಜಿ ಮಾಡ್ತೀರಲ್ಲ?"

ನಕ್ಕು ಮಾತು ತೇಲಿಸಿದೆ. ಗಿರಾಕಿಗೆ ಹೇಳುವ ಕಥೆಯಲ್ಲ ಅದು. ನಿಮಗೆ ಹೇಳಬಹುದು.

ಬಿಚ್ಚಿ ನೋಡುವ ಚಟ ನನಗೆ ಹುಟ್ಟಿನಿಂದಲೇ ಇದೆ. ಗದಗಿನ ಮನೆಯಲ್ಲಿ ಅಜ್ಜಿಗೊಂದು ಹೊರಸು ಇತ್ತು, ಹುರಿಯಿಂದ ಹೆಣೆದದ್ದು. ಅದರ ಹುರಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ನನ್ನ ತಲೆ ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ಗುಡಿಗೆ ಹೋದಾಗ ಪೂರ್ತಿ ಬಿಚ್ಚಿದೆ. ತುದಿ ಸಿಕ್ಕಿತು, ಗುಟ್ಟೂ ತಿಳಿಯಿತು. ಆದರೆ ತಿರುಗಿ ಹೆಣೆಯಲು ಬರಲಿಲ್ಲ. ಅಜ್ಜಿ ನೆಲದ ಮೇಲೆ ಮಲಗಿಕೊಂಡು, "ನನ್ನ ಮೊಮ್ಮಗ ಭಾಳ ಶ್ಯಾಣ್ಯಾ ಅದಾನ. ಮಂಚದ ಮ್ಯಾಲ ಇದ್ದಾಕಿನ್ನ ಭೂಮಿಗೆ ಇಳಿಸಿದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನ ಚುರುಕಿಗೆ ಹೆಣೆಯುವುದನ್ನೂ ಕಲಿತೆ.

ಡೊಂಬಿವಲಿಗೆ ಬಂದ ಮೇಲೆ ಕಾಕಾ ನನ್ನನ್ನು ಠಾಣೆಯ ಕೋಪರಿಯಲ್ಲಿದ್ದ ಒಬ್ಬ ಉಸ್ತಾದರ ಕೈಗೆ ಕೊಟ್ಟರು. ಅಲ್ಲಿ ಕಲಿತ ಮೊದಲ ಪಾಠ: "ಪಹಲೇ ದೇಖ್, ಫಿರ್ ಕಾಟ್." ಮೊದಲು ನೋಡು, ಆಮೇಲೆ ಕತ್ತರಿಸು. ಸುಟ್ಟ ಮೋಟಾರು ಬಂದರೆ ತಂತಿಗೆ ಕತ್ತರಿ ಹಾಕುವ ಮುನ್ನ ಎಷ್ಟು ಸುತ್ತು, ಎಷ್ಟು ದಪ್ಪ, ಯಾವ ತುದಿ ಯಾವುದಕ್ಕೆ ಸೇರಿದೆ ಎಂದು ನೋಡಬೇಕು. ಮಾಡಿದ ಕಂಪನಿ ಅದರೊಳಗೆ ಚೀಟಿ ಇಟ್ಟಿರುವುದಿಲ್ಲ. ಕರಕಲಾದ ಸುರುಳಿಯೇ ಎಲ್ಲ ಹೇಳಬೇಕು. ಬರಬರುತ್ತ ಸುತ್ತಿದವನ ಕೈಯ ಗುರುತೂ ಸಿಗುತ್ತದೆ. ಗಂಟು ಹಾಕಿದ ರೀತಿ ನೋಡಿಯೇ ಉಸ್ತಾದರು, "ಇದು ಮುಲುಂದದವನದು, ಇದು ಭಿವಂಡಿಯವನದು" ಎನ್ನುತ್ತಿದ್ದರು. ನನಗೂ ಆ ವಿದ್ಯೆ ಬಂತು. ಹಾಗಾಗಿ, ಮನುಷ್ಯ ಮಾಡಿದ್ದನ್ನು ಬಿಚ್ಚಿ ತಿಳಿಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿಲ್ಲ ಎಂದು ನಂಬಿಕೊಂಡಿದ್ದೆ. ಶಾಲಿನಿಯವರು ಅಂಗಡಿಯ ಮೆಟ್ಟಿಲು ಹತ್ತುವವರೆಗೆ.

ಅದಕ್ಕೂ ಮೊದಲು ಭಟ್ಟಿಯ ವಿಷಯ. ಹೊಸ ತಂತಿ ಸುತ್ತಿದ ಮೇಲೆ ಮೋಟಾರನ್ನು ವಾರ್ನಿಷಿನಲ್ಲಿ ಮುಳುಗಿಸಿ, ಭಟ್ಟಿಯಲ್ಲಿಟ್ಟು ಬೇಯಿಸಬೇಕು. ವಾರ್ನಿಷ್ ಗಟ್ಟಿಯಾಗಿ ತಂತಿ ತಂತಿಯ ನಡುವೆ ಗೋಡೆಯಾಗುತ್ತದೆ. ಹಸಿಯಾಗಿ ಉಳಿದರೆ ಮೋಟಾರು ಮತ್ತೆ ಸುಡುತ್ತದೆ. ಎಲ್ಲರೂ ಡ್ರಮ್ಮಿನೊಳಗೆ ಬಲ್ಬು ಉರಿಸಿ ಬೇಯಿಸುತ್ತಿದ್ದ ಕಾಲದಲ್ಲಿ ನಾನು ಕಂಪ್ಯೂಟರ್ ಭಟ್ಟಿ ತಂದೆ. ಎಷ್ಟು ಕಾವು ಬೇಕೋ ಅಷ್ಟು ಅಂಕಿ ಒತ್ತಿದರೆ, ಒಳಗಿನ ಚಿಪ್ಪು, ಅಂದರೆ ಕಂಪ್ಯೂಟರಿನ ಚಿಪ್, ತಾನೇ ಹೀಟರು ಹಚ್ಚಿ ಆರಿಸುತ್ತಿತ್ತು. ಅದನ್ನು ನೋಡಿಯೇ ದೊಡ್ಡ ಬಣ್ಣದ ಕಾರ್ಖಾನೆಯೊಂದರ ದೇಶಪಾಂಡೆ ಸಾಹೇಬರು ತಮ್ಮ ಬಾಯ್ಲರಿನ ಫ್ಯಾನ್ ಮೋಟಾರುಗಳನ್ನೆಲ್ಲ ನನಗೆ ಕೊಡತೊಡಗಿದ್ದು.

ಎರಡು ವರ್ಷ ಭಟ್ಟಿ ಹೇಳಿದ ಮಾತು ಕೇಳಿತು. ಆಗ ಕಾವು ನೂರಾ ಮೂವತ್ತು ಡಿಗ್ರಿ ಇಟ್ಟರೆ ಸಾಕಾಗುತ್ತಿತ್ತು. ಎಂಬತ್ತಾರರ ದೀಪಾವಳಿ ಕಳೆದ ಮೇಲೆ, ಬಾಯ್ಲರಿನ ಝಳ ತಡೆಯುವ ಹೊಸ ವಾರ್ನಿಷ್ ಬಂತು. ಅದಕ್ಕೆ ನೂರಾ ಅರವತ್ತು ಬೇಕು. ಒತ್ತಿದೆ. ಬೆಳಿಗ್ಗೆ ಭಟ್ಟಿ ಸುಮ್ಮನೆ ನಿಂತಿತು. ಒಳಗಿನ ಗಾಳಿ ತಿರುಗುತ್ತದೆ, ಅಂಕಿ ಕಾಣುತ್ತದೆ, ಆದರೆ ಕೆಂಪು ದೀಪ ಹತ್ತದು, ಹೀಟರು ಕಾಯದು. ಮಧ್ಯಾಹ್ನ ಅಂಗಡಿಯ ತಗಡು ಕಾದ ಹೊತ್ತಿಗೆ ತಾನಾಗಿ ಹತ್ತಿತು. ಹೀಟರು ಬದಲಿಸಿದೆ, ಸ್ವಿಚ್ಚು ಬದಲಿಸಿದೆ, ಕಾವು ಅಳೆಯುವ ಕಡ್ಡಿಯನ್ನೂ ಬದಲಿಸಿದೆ. ಅದರ ಹಟ ಮಾತ್ರ ಬದಲಾಗಲಿಲ್ಲ. ಭಟ್ಟಿ ಮಾಡಿದ ಠಾಣೆಯ ಕಂಪನಿ ಬಾಗಿಲು ಹಾಕಿತ್ತು. ಒಳಗಿನ ಪ್ರೋಗ್ರಾಂ ಬರೆದವನು ಕೊಲ್ಲಿ ದೇಶಕ್ಕೆ ಹೋಗಿದ್ದನಂತೆ.

ಕೊನೆಗೆ ಒಂದು ಬೆಳಿಗ್ಗೆ ಬೇಸತ್ತು, ಬಾಗಿಲು ತೆರೆದೇ ಭಟ್ಟಿಗೆ ಕರ್ಪೂರದ ಆರತಿ ಎತ್ತಿದೆ. ಟಕ್ ಎಂದಿತು. ಕೆಂಪು ದೀಪ! ನನ್ನ ಹಳೆಯ ಕೆಲಸಗಾರ ಬಬನ್ ಚಪ್ಪಲಿ ಬಿಟ್ಟು ಕೈಮುಗಿದ. ಅಂದಿನಿಂದ ಅದೇ ಪದ್ಧತಿ. ಕೆಲವು ಬೆಳಿಗ್ಗೆ ಒಂದು ಆರತಿ ಸಾಲದು. ಎರಡು ಬಿಲ್ಲೆ ಕರ್ಪೂರ ಹೆಚ್ಚು ಹಾಕಬೇಕು. ಭಕ್ತಿ ಕಡಿಮೆಯಾಯಿತೆಂದು ನಾವು ತಿಳಿಯುತ್ತಿದ್ದೆವು. ಒಂದು ದಿನ ನಾನಿಲ್ಲದಾಗ ಬಬನನ ಭಕ್ತಿ ಎಷ್ಟಕ್ಕೂ ಸಾಲದೆ, ಭಟ್ಟಿ ಹತ್ತಿದ್ದೇ ಮಧ್ಯಾಹ್ನ. ಗಡಿಬಿಡಿಯಲ್ಲಿ ಕೊಟ್ಟ ಮೋಟಾರು ಹಸಿ ವಾರ್ನಿಷಿನೊಂದಿಗೆ ತಿರುಗಿ ಬಂತು. ಜೊತೆಗೆ ದೇಶಪಾಂಡೆ ಸಾಹೇಬರೂ ಬಂದರು. ಬೈಯಲಿಲ್ಲ. ವಾರ್ನಿಷ್ ಮೆತ್ತಿದ ಬೆರಳನ್ನು ನನ್ನ ಮುಂದೆ ಹಿಡಿದು, "ಬಸಪ್ಪಾ, ಮಾಝ್ಯಾ ಹಾತೂನ್ ತುಮಚಂ ನಾವ್ ಖೋಡಾಯಲಾ ಲಾವೂ ನಕಾ" ಎಂದರು. ನನ್ನ ಕೈಯಿಂದ ನಿಮ್ಮ ಹೆಸರು ಹೊಡೆದುಹಾಕಿಸಬೇಡಿ ಎಂದು. ಮುಂದಿನ ಕೆಲಸ ಎರಡು ಫ್ಯಾನ್ ಮೋಟಾರು. ಅವೂ ಹೀಗಾದರೆ ಮುಗಿಯಿತು. ಬೈಗುಳವಾದರೆ ತಡೆದುಕೊಳ್ಳುತ್ತೇನೆ; ಆ ಮೆತ್ತಗಿನ ಮಾತು ತಡೆದುಕೊಳ್ಳಲಾಗಲಿಲ್ಲ. ಊರಲ್ಲಿ ನನಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ.

ಶಾಲಿನಿಯವರು ನಮ್ಮದೇ ಬಿಲ್ಡಿಂಗಿನ ಎರಡನೆಯ ಮಹಡಿಯವರು, ಉಡುಪಿ ಕಡೆಯವರು. ಠಾಣೆಯಲ್ಲಿ ತೂಕದ ಯಂತ್ರ ಮಾಡುವ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಅತ್ತೆಯ ಮಿಕ್ಸರು ನನ್ನಲ್ಲಿ ರಿಪೇರಿಗೆ ಬಂದಿತ್ತು. ಅದನ್ನು ಒಯ್ಯಲು ಬೆಳಿಗ್ಗೆ ಬಂದವರು ನಮ್ಮ ಆರತಿ ನೋಡುತ್ತ ನಿಂತುಬಿಟ್ಟರು. ದೀಪ ಹತ್ತಿದ ಮೇಲೆ ಕೇಳಿದರು:

"ಇದೆಂತ ಬಸಣ್ಣ? ದಿನಾ ಹೀಗೆಯಾ?"

"ಏನ್ ಹೇಳ್ಲಿ ಅಕ್ಕಾರ, ಹೀಟರ್ ಛಲೋ ಐತಿ, ಸ್ವಿಚ್ ಛಲೋ ಐತಿ, ಎಲ್ಲಾ ಛಲೋ ಐತಿ. ಆದ್ರ ಬೆಳಗಿನ್ಯಾಗ ಕಾಯವಲ್ದು. ದೇವರು ಬಂದ್ರನ ಕಾಯ್ತೈತಿ."

ಅವರು ನಗಲಿಲ್ಲ. ಅದೇ ನನಗೆ ಮೊದಲು ಹಿಡಿಸಿದ್ದು. "ಹಾಗಾದ್ರೆ ಕೆಟ್ಟದ್ದು ಯಂತ್ರ ಅಲ್ಲ. ಒಳಗೆ ಬರೆದದ್ದು. ಚಿಪ್ಪು ಕೊಡ್ತೀರಾ? ಓದಿ ನೋಡುವ."

"ಓದೂದಂದ್ರ? ಅದರಾಗ ಅಕ್ಷರ ಎಲ್ಲಿ ಅದಾವ್ರೀ?"

"ಅಕ್ಷರ ಇಲ್ಲ, ಅಂಕಿ ಉಂಟು."

ಇದ್ದದ್ದು ಒಂದೇ ಚಿಪ್ಪು. ಕೊಡುವಾಗ ನನ್ನ ಕೈ ಸ್ವಲ್ಪ ತಡೆಯಿತು. ಬಬನ್ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿಕೊಟ್ಟ. ಸಂಜೆ ಚಿಪ್ಪು ಕ್ಷೇಮವಾಗಿ ಬಂತು. ಜೊತೆಗೆ ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದದ ಮಡಿಕೆಯೂ ಬಂತು. ಅದರ ತುಂಬ ಎರಡೆರಡು ಅಂಕಿ, ನಡುವೆ ಇಂಗ್ಲಿಷ್ ಅಕ್ಷರ. ಚಿಪ್ಪಿನೊಳಗಿದ್ದದ್ದು ಪೂರ್ತಿ ಅಷ್ಟೇ ಅಂತೆ.

ಆ ಕಾಗದವನ್ನು ಅವರು ಲೋಕಲ್ ರೈಲಿನಲ್ಲಿ ಓದುತ್ತಿದ್ದರು. ಲೇಡೀಸ್ ಡಬ್ಬಿಯಲ್ಲಿ ನಿಲ್ಲಲು ಜಾಗ ಸಿಕ್ಕಿದ ದಿನ ಒಂದು ಪುಟ, ಕೂರಲು ಸಿಕ್ಕಿದ ದಿನ ಎರಡು. ಪಕ್ಕದ ಹೆಂಗಸೊಬ್ಬಳು ಬಹಳ ದಿನ ನೋಡಿ, "ಯಾವ ಸ್ವೆಟರಿನ ಡಿಸೈನ್ ಇದು, ನನಗೂ ಬರೆದುಕೊಡಿ" ಎಂದಳಂತೆ. ಭಾನುವಾರ ಅಂಗಡಿಯ ದೊಡ್ಡ ಮೇಜಿನ ಮೇಲೆ ಕಾಗದ ಹಾಸಿ ಕೂರುತ್ತಿದ್ದರು. ನಾನು ತಂತಿ ಸುತ್ತುತ್ತ ಕೇಳುತ್ತಿದ್ದೆ. ಕೇಳಿದರೆ ಬೇಸರಿಸದೆ ಹೇಳುತ್ತಿದ್ದರು.

ಪ್ರೋಗ್ರಾಂ ಬರೆದವನು ಮನುಷ್ಯರ ಭಾಷೆಗೆ ಹತ್ತಿರದ ಭಾಷೆಯಲ್ಲಿ ಬರೆದಿರುತ್ತಾನೆ: 'ಇರುವ ಕಾವು ಇಟ್ಟ ಕಾವಿಗಿಂತ ಕಡಿಮೆ ಇದ್ದರೆ ಹೀಟರು ಹಚ್ಚು' ಎಂಬ ಹಾಗೆ. ಚಿಪ್ಪಿಗೆ ಅದು ತಿಳಿಯದು. ಅದನ್ನು ಚಿಪ್ಪಿನ ಅಂಕಿಗಳಾಗಿ ಮಾಡಿಕೊಡುವುದು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ. ಅದು ಹೆಸರುಗಳನ್ನೆಲ್ಲ ಬಿಸಾಡುತ್ತದೆ. 'ಕಾವು' ಎಂಬ ಹೆಸರು ಹೋಗಿ, ಇಂಥ ನಂಬರಿನ ಮನೆ ಎಂದಷ್ಟೇ ಉಳಿಯುತ್ತದೆ. ಶಾಲಿನಿಯವರು ಆ ಮನೆಗಳ ಮುಂದೆ ಒಂದೊಂದೇ ಹೆಸರು ಪೆನ್ಸಿಲ್ಲಿನಲ್ಲಿ ಬರೆಯುತ್ತ ಹೋದರು, ಬೀಗ ಹಾಕಿದ ಮನೆಗಳ ಹೊರಗೆ ಒಣಹಾಕಿದ ಬಟ್ಟೆ ನೋಡಿ ಒಳಗೆ ಯಾರಿದ್ದಾರೆಂದು ಹೇಳುವವರ ಹಾಗೆ.

ಒಮ್ಮೆ ಒಂದು ಕಡೆ ಬೆರಳಿಟ್ಟು ತೋರಿಸಿದರು. ಒಂದು ಅಂಕಿಯನ್ನು ಒಂದು ಮನೆಯಲ್ಲಿಟ್ಟು, ಮರುಗಳಿಗೆಯಲ್ಲೇ ಅದೇ ಮನೆಯಿಂದ ಅದೇ ಅಂಕಿಯನ್ನು ತೆಗೆಯುತ್ತಿತ್ತು.

"ಇದೇನ್ರೀ ಅಕ್ಕಾರ, ಈಗ ಇಟ್ಟದ್ದು ಈಗ ತಗೀತೈತಿ! ಮಂಕು ಹಿಡದೈತೇನು?"

"ಮಂಕಲ್ಲ ಮಾರಾಯ್ರೆ. ಕಂಪೈಲರ್ ಒಂದೊಂದೇ ಸಾಲು ಓದುವುದು. ಒಂದು ಸಾಲು ಮುಗಿಯಿತಾ, ಇಟ್ಟುಬಿಡುತ್ತದೆ. ಮುಂದಿನ ಸಾಲಿಗೆ ಬೇಕಾ, ತೆಗೆಯುತ್ತದೆ. ನನಗೆ ಇದೇ ಉಪಕಾರ. ಇಟ್ಟು ತೆಗೆದ ಕಡೆಯಲ್ಲೆಲ್ಲ ಅವನ ಒಂದು ಸಾಲು ಮುಗಿದಿದೆ ಅಂತ ಲೆಕ್ಕ."

ನಾನು ಕೈಯಲ್ಲಿದ್ದ ತಂತಿ ಬಿಟ್ಟೆ. ಅಂಕಿಗಳ ಆ ಕಾಡಿನಲ್ಲಿ, ಎಲ್ಲೋ ಕೊಲ್ಲಿಯಲ್ಲಿರುವ ಮನುಷ್ಯ ಎಲ್ಲಿ ಸಾಲು ಮುಗಿಸಿದ, ಎಲ್ಲಿ ಉಸಿರು ಬಿಟ್ಟ ಎಂದು ಈ ಹೆಣ್ಣುಮಗಳು ಹೇಳುತ್ತಿದ್ದಳು. ಮುಲುಂದದವನ ಗಂಟು ಗುರುತಿಸುತ್ತೇನೆಂದು ಮೆರೆಯುತ್ತಿದ್ದ ನಾನು ಎಲ್ಲಿ, ಇದೆಲ್ಲಿ! ಅದೇ ಕಂಪೈಲರಿನ ಜಾಣತನವನ್ನೂ ತೋರಿಸಿದರು. ಆ ಚಿಪ್ಪಿಗೆ ಗುಣಾಕಾರ ಬಾರದು. ಹತ್ತರಿಂದ ಗುಣಿಸಬೇಕಾದಾಗ ಕಂಪೈಲರು ಮೊದಲು ಎರಡು ಪಟ್ಟು ಮಾಡಿಸುತ್ತದೆ, ಮತ್ತೆ ಎರಡು ಪಟ್ಟು, ಅದಕ್ಕೆ ಮೂಲ ಅಂಕಿ ಕೂಡಿಸಿ, ಮತ್ತೊಮ್ಮೆ ಎರಡು ಪಟ್ಟು. ಬೆರಳು ಮಡಿಸಿ ನೋಡಿದೆ. ಸರಿಯಾಗಿ ಹತ್ತು ಪಟ್ಟು. ಮಗ್ಗಿ ಬಾರದವನಿಂದಲೂ ಮಗ್ಗಿಯ ಕೆಲಸ ತೆಗೆಯುವ ಮೇಷ್ಟ್ರು ನನಗೆ ಶಾಲೆಯಲ್ಲಿ ಸಿಕ್ಕಿದ್ದರೆ ಎಂಟನೆಯ ತರಗತಿಗೆ ಹೋಗುತ್ತಿದ್ದೆನೋ ಏನೋ.

"ಇದನ್ನ ಮಾಡಿದ ಕಂಪೈಲರಿನ ಗುರ್ತ ಹಚ್ಚಾಕ ಬರ್ತೈತೇನ್ರೀ?" ಎಂದು ಕೇಳಿದೆ.

"ಆಗಲೇ ಸಿಕ್ಕಿದೆ. ನಮ್ಮ ಆಫೀಸಿನಲ್ಲಿರುವುದೇ ಇದು. ಪ್ರತಿ ಕೆಲಸ ಶುರು ಮಾಡುವಾಗ ಹೀಗೇ ಸೆರಗು ಸಿಕ್ಕಿಸಿಕೊಳ್ಳುತ್ತದೆ, ಮುಗಿಸುವಾಗ ಹೀಗೇ ಬಿಡುತ್ತದೆ."

ಇಷ್ಟಾದರೂ ತಪ್ಪು ಸಿಗಲಿಲ್ಲ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಎರಡು ಫ್ಯಾನ್ ಮೋಟಾರುಗಳು ಸುತ್ತಿ ಮುಗಿದು ಭಟ್ಟಿಯ ಮುಂದೆ ಕೂತಿದ್ದವು. ದೇಶಪಾಂಡೆ ಸಾಹೇಬರ ಮನುಷ್ಯ ಒಮ್ಮೆ ಬಂದು ನೋಡಿಕೊಂಡೂ ಹೋದ. ಆ ಭಾನುವಾರ ಬೆಳಿಗ್ಗೆ ನಾನು ತಟ್ಟೆಗೆ ಕರ್ಪೂರ ಹಾಕುತ್ತಿದ್ದಾಗ ಶಾಲಿನಿಯವರು ತಡೆದರು.

"ಬಸಣ್ಣ, ಆರತಿಗೆ ಮುಂಚೆ ಅಂಕಿ ಎಷ್ಟಿರ್ತದೆ?"

"ಯಾರ್ ನೋಡ್ಯಾರ್ರೀ? ದೇವರ ಮುಂದ ನಿಂತಾಗ ಅಂಕಿ ನೋಡ್ತಾರೇನು?"

ನೋಡಿದರು. ಇಪ್ಪತ್ತಾರು. ಬಾಗಿಲು ಮುಚ್ಚಿಸಿ ಹೊರಗಿನಿಂದ ಆರತಿ ಎತ್ತಿಸಿದರು. ದೀಪ ಹತ್ತಲಿಲ್ಲ. ಮತ್ತೊಮ್ಮೆ ಎತ್ತಿಸಿದರು. ಇಲ್ಲ. ಆಮೇಲೆ ಬಬನನ ಕೈಯಲ್ಲಿದ್ದ ಕುದಿಯುವ ಚಹಾದ ಗ್ಲಾಸು ಇಸಿದುಕೊಂಡು, ಭಟ್ಟಿಯೊಳಗೆ ಕಾವು ಅಳೆಯುವ ಕಡ್ಡಿಯ ಕೆಳಗಿಟ್ಟು ಬಾಗಿಲು ಹಾಕಿದರು. ಅಂಕಿ ಮೆಲ್ಲಗೆ ಏರಿತು. ಮೂವತ್ತು. ಮೂವತ್ತೊಂದು. ಮೂವತ್ತೆರಡು. ಟಕ್! ಕೆಂಪು ದೀಪ.

ಬಬನ್ ನನ್ನ ಮುಖ ನೋಡಿದ. "ಶೇಠ್, ಚಹಾ ಪಣ ಚಾಲತೋ?" ಚಹಾನೂ ನಡೆಯುತ್ತಾ? ತಿಂಗಳುಗಟ್ಟಲೆ ಭಕ್ತಿಯಿಂದ ಕೈಮುಗಿದವನ ಪ್ರಶ್ನೆ. ನಾನು ಆರತಿ ತಟ್ಟೆ ಕೆಳಗಿಟ್ಟೆ. ದೇವರು ಬಂದನೆಂದು ತಿಳಿದಿದ್ದೆ. ಬಂದದ್ದು ಕರ್ಪೂರದ ಬಿಸಿ.

ಶಾಲಿನಿಯವರಿಗೆ ನಮ್ಮ ಸಂಕಟ ಕಾಣಲೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದರು: 160ರಲ್ಲಿ 32 ಕಳೆದರೆ 128. "ಬಾಗಿಲು ತೆರೆದು ತಣ್ಣಗೆ ಮಾಡಿ, ಈಗ 150 ಒತ್ತಿ ನೋಡುವ." ಒತ್ತಿದೆ. ಆರತಿಯಿಲ್ಲದೆ, ಚಹಾ ಇಲ್ಲದೆ ಹತ್ತಿತು. ಅವರ ಮುಖ ನೋಡಬೇಕಿತ್ತು ನೀವು. ಪರೀಕ್ಷೆಯಲ್ಲಿ ಗೊತ್ತಿದ್ದ ಪ್ರಶ್ನೆಯೇ ಬಂದ ಹುಡುಗಿಯ ಮುಖ.

"ಗಡಿಯಾರದಲ್ಲಿ ಹನ್ನೆರಡು ಮನೆ ಅಲ್ವಾ? ಈ ಚಿಪ್ಪಿನ ಗಡಿಯಾರದಲ್ಲಿ 256. ಕಾವು ಗುರಿಗಿಂತ ಹಿಂದೆ ಉಂಟಾ ಮುಂದೆ ಉಂಟಾ ಅಂತ ಇದು ಮುಳ್ಳು ನೋಡಿ ಹೇಳ್ತದೆ. ಅರ್ಧ ಸುತ್ತಿನ ಒಳಗೆ ಹಿಂದೆ ಇದ್ದರೆ ಹಿಂದೆ ಅಂತಲೇ ಕಾಣ್ತದೆ. ಅರ್ಧ ಸುತ್ತು ದಾಟಿ ಹಿಂದೆ ಉಳಿದರೆ?"

"ಮುಂದ ಐತಿ ಅಂತ ಕಾಣ್ತೈತಿ," ಎಂದೆ. ತಿರುಗುವ ಚಕ್ರದ ಮಾತು ನನಗೆ ಹೇಳಿಕೊಡಬೇಕಿಲ್ಲ.

"ಅಷ್ಟೇ. 128 ಅಂದರೆ ಅರ್ಧ ಸುತ್ತು. ಚಳಿಯಲ್ಲಿ ಗುರಿ ಅದಕ್ಕಿಂತ ದೂರ. ಕಾವು ಆಗಲೇ ಹೆಚ್ಚಾಗಿದೆ ಅಂತ ತಿಳಿದು ಪಾಪ ಸುಮ್ಮನೆ ಕೂರ್ತದೆ. ನಿಮ್ಮ ಹಳೆಯ ವಾರ್ನಿಷಿಗೆ ಗುರಿ ಹತ್ತಿರವೇ ಇತ್ತು, ಹಾಗಾಗಿ ಗೊತ್ತಾಗಲಿಲ್ಲ. ಮುಳ್ಳು ನೋಡಬಾರದು. ಕಳೆಯುವಾಗ ಪಕ್ಕದ ಮನೆಯಿಂದ ಎರವಲು ತರಬೇಕಾಯಿತಾ ಇಲ್ಲವಾ, ಅದನ್ನು ನೋಡಬೇಕು. ಅದು ಎಂದೂ ತಪ್ಪುವುದಿಲ್ಲ."

ಕಾಗದ ಬಿಡಿಸಿ, ಎಷ್ಟೋ ಸಲ ಕಣ್ಣಾಡಿಸಿ ದಾಟಿದ್ದ ಜಾಗಕ್ಕೆ ಕೆಂಪು ಪೆನ್ಸಿಲ್ಲಿನ ಸುತ್ತು ಹಾಕಿದರು. ಅಲ್ಲಿ FA ಎಂದಿತ್ತು. ಮುಳ್ಳು ನೋಡು ಎಂದು ಅದರ ಅರ್ಥ. ಎರವಲು ನೋಡು ಎನ್ನಲು DA ಇರಬೇಕಿತ್ತು. ಅಷ್ಟೇ. ನನ್ನ ಹೆಸರು ಆ ಒಂದು ಅಕ್ಷರಕ್ಕೆ ನೇತುಬಿದ್ದಿತ್ತು.

ಮರುದಿನ ಆಫೀಸಿನಲ್ಲಿ, ಆ ಕೊಲ್ಲಿಯವನು ಬರೆದಿರಬಹುದಾದ ಸಾಲನ್ನೇ ತಾವೂ ಬರೆದು ಕಂಪೈಲರಿಗೆ ಕೊಟ್ಟು ನೋಡಿದರು. ಅದೇ FA ಬಂತು. "ಅವನ ತಪ್ಪಲ್ಲ ಬಸಣ್ಣ, ಅವನು ಸರಿಯಾಗೇ ಬರೆದಿದ್ದ. ಕಂಪೈಲರಿನ ರೂಢಿಯೇ ಹಾಗೆ" ಎಂದು ಸಂಜೆ ಬಂದು ಹೇಳಿದರು. ಕಾಣದ, ಕೇಳದ ಒಬ್ಬನ ಮೇಲಿನ ಅಪವಾದ ತೆಗೆದ ನೆಮ್ಮದಿ ಆ ದನಿಯಲ್ಲಿತ್ತು. ನಾನಾದರೋ ಅವನಿಗೆ ದಿನಾ ಆರತಿಯ ಜೊತೆಗೇ ಬೈಗುಳವನ್ನೂ ಎತ್ತಿದ್ದೆ.

ಇನ್ನು ತಿದ್ದುವುದು. ಆ ಚಿಪ್ಪಿನ ಸ್ವಭಾವ ಕೇಳಿ. ಅದರೊಳಗೆ ಇರುವುದು ಒಂದು ಮತ್ತು ಸೊನ್ನೆ ಮಾತ್ರ. ಒಂದನ್ನು ಸೊನ್ನೆ ಮಾಡಬಹುದು. ಸೊನ್ನೆಯನ್ನು ಒಂದು ಮಾಡಬೇಕಾದರೆ ಚಿಪ್ಪನ್ನೆಲ್ಲ ಅಳಿಸಬೇಕು. ರೈಲಿನ ಟಿಕೀಟಿಗೆ ಟಿ.ಸಿ. ತೂತು ಹಾಕಬಹುದು, ಹಾಕಿದ ತೂತನ್ನು ಮುಚ್ಚಲಾರ, ಹಾಗೆ. FA ಯನ್ನು DA ಮಾಡಲು ಬೇಕಾದದ್ದು ಎಷ್ಟು ತೂತು? ಒಂದೇ. ಒಂದು ಕಡೆ ಒಂದು ಇದ್ದದ್ದು ಸೊನ್ನೆಯಾದರೆ ಸಾಕು. ಮಿಕ್ಕಿದ್ದನ್ನು ಮುಟ್ಟಬೇಕಿಲ್ಲ. ಶಾಲಿನಿಯವರು ಇದನ್ನು ಹೇಳುವಾಗ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದ ತಾಯಿಯಂಥ ಸಂಭ್ರಮ. ಆದರೂ ಮೊದಲು ಚಿಪ್ಪಿನ ನಕಲು ಮಾಡಿಟ್ಟುಕೊಂಡೇ ಅಸಲಿಗೆ ಕೈಹಾಕಿದರು. ಮೊದಲು ನೋಡು, ಆಮೇಲೆ ಕತ್ತರಿಸು. ಕೋಪರಿಯ ಉಸ್ತಾದರು ಇವರಿಗೆ ಯಾವಾಗ ಸಿಕ್ಕಿದ್ದರೋ!

ಚಿಪ್ಪು ತಿರುಗಿ ಕೂರಿಸಿದ ಬೆಳಿಗ್ಗೆ ಆ ವರ್ಷದ ಗಟ್ಟಿ ಚಳಿ. ಎರಡೂ ಫ್ಯಾನ್ ಮೋಟಾರುಗಳನ್ನು ಒಳಗಿಟ್ಟು ಬಾಗಿಲು ಹಾಕಿದೆ. ಅಂಕಿ ಇಪ್ಪತ್ತೊಂದು. ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ರೈಲಿಗೆ ಹೊತ್ತಾದರೂ ಶಾಲಿನಿಯವರು ಊಟದ ಡಬ್ಬಿಯ ಚೀಲ ಹಿಡಿದು ನಿಂತಿದ್ದರು. ಬಬನ್ ಒಂದು ಕೈಯಲ್ಲಿ ಕರ್ಪೂರ, ಇನ್ನೊಂದು ಕೈಯಲ್ಲಿ ಚಹಾ ಹಿಡಿದಿದ್ದ. ಯಾವ ಕಡೆಯೂ ಕೈಬಿಡಬಾರದೆಂದು.

ನೂರಾ ಅರವತ್ತು ಒತ್ತಿದೆ.

ಟಕ್.

ಕೆಂಪು ದೀಪ. ಇಪ್ಪತ್ತೆರಡು, ಇಪ್ಪತ್ತಮೂರು ಎಂದು ಅಂಕಿ ಏರತೊಡಗಿದಾಗ ಶಾಲಿನಿಯವರೇ ಅಂದರು: "ಈಗ ಆರತಿ ಎತ್ತಿ ಬಸಣ್ಣ. ಅದು ಹತ್ತಿದ್ದಕ್ಕೆ. ಹತ್ತಲಿ ಅಂತ ಅಲ್ಲ."

ಎತ್ತಿದೆ. ಮುಚ್ಚಿದ ಬಾಗಿಲಿನ ಮುಂದೆ. ಅಂದಿನಿಂದ ಅದೇ ಕ್ರಮ. ಭಟ್ಟಿಗೆ ಎತ್ತುತ್ತೇನೋ, ಕೊಲ್ಲಿಯವನಿಗೋ, ಆ ಮಂಕು ಜಾಣ ಕಂಪೈಲರಿಗೋ, ಸ್ವೆಟರಿನ ಡಿಸೈನ್ ಓದುತ್ತ ಠಾಣೆಗೆ ಹೋಗುವ ಹೆಣ್ಣುಮಗಳಿಗೋ, ನನಗೂ ಸ್ಪಷ್ಟವಿಲ್ಲ. ಅವರ ಆಫೀಸಿನವರೂ ತಮ್ಮ ತೂಕದ ಯಂತ್ರಗಳ ಪ್ರೋಗ್ರಾಮುಗಳನ್ನು ತೆಗೆದು FA ಹುಡುಕಿದರಂತೆ. ಸಿಕ್ಕವಂತೆ. ಹುಡುಕುವ ಕೆಲಸಕ್ಕೆ ಇವರನ್ನೇ ಮುಂದಾಳು ಮಾಡಿದರು. ದೇಶಪಾಂಡೆ ಸಾಹೇಬರು ಆ ಎರಡು ಮೋಟಾರಿಗೆ ಉಗುರು ಒತ್ತಿ ನೋಡಿದರು, ಗುರುತು ಬೀಳಲಿಲ್ಲ. ಮರುದಿನವೇ ಮೂರನೆಯದನ್ನು ಕಳಿಸಿದರು.

ಈಗ ನನ್ನ ಬಳಿ ಇರುವುದು ಇಷ್ಟು: ಓದಿದ ತರಗತಿ ಏಳು. ಅಂಗಡಿ ಒಂದು. ಬಬನ್ ಸೇರಿ ಕೆಲಸಗಾರರು ಐವರು. ಗದಗಿನಿಂದ ತಂದ ಹೊರಸು ಒಂದು, ನಾನೇ ಹೆಣೆದದ್ದು. ಕೆಂಪು ಪೆನ್ಸಿಲ್ಲಿನ ಸುತ್ತು ಇರುವ ಕಾಗದ ಒಂದು ಮಡಿಕೆ. ಆರತಿ ತಟ್ಟೆ ಒಂದು. ಹೊಡೆದುಹಾಕದೆ ಉಳಿದ ಹೆಸರು ಒಂದು. ಆ ಹಳೆಯದು ಸೇರಿ ಭಟ್ಟಿ ಎರಡು, ಎರಡೂ ಚಳಿಯಲ್ಲಿ ಹತ್ತುತ್ತವೆ.